ಕಾರನ್ನು ತಗ್ಗಿಸಬೇಕೆ?

ಸರಳ ಸಂಗತ ಚಲನೆಯ ಪಾಠವನ್ನು ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ಒಂದು ದಿನ ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿದ್ದ ಚಿತ್ರವೊಂದನ್ನು ನನ್ನ ಮುಂದೆ ಹಿಡಿದನು. ಎರಡು ಬಾಗಿಲುಗಳ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಅದರ ಒಡಲು ಈಗಲೋ ಆಗಲೋ ನೆಲವನ್ನು ಮುಟ್ಟುವುದೆಂಬಷ್ಟು ತಗ್ಗಿತ್ತು. ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಎರಡು ಬೆರಳು ತೂರಿಸಲು ಸಹ ಎಡೆಯಿರಲಿಲ್ಲ. "ಸಾರ್, ಕಾರ್ಖಾನೆಯಿಂದ ಬಂದ ಸ್ಪ್ರಿಂಗುಗಳನ್ನು ತೆಗೆದು ಗಿಡ್ಡ ಸ್ಪ್ರಿಂಗುಗಳನ್ನು ಹಾಕಿದರೆ ಗುರುತ್ವಕೇಂದ್ರ ಕೆಳಗೆ ಇಳಿಯುತ್ತದೆ. ಆಗ ಕಾರು ತಿರುವಿನಲ್ಲಿ ವಾಲುವುದಿಲ್ಲ, ಹೆಚ್ಚು ಭದ್ರವಾಗಿ ಓಡುತ್ತದೆ. ನೀವು ಕಲಿಸಿದ್ದೂ ಅದೇ ಅಲ್ಲವೇ?" ಎಂದು ಕೇಳಿದನು.

ನಾನು ಹೆಚ್ಚು ಯೋಚಿಸದೆ "ಹೌದು" ಎಂದುಬಿಟ್ಟೆನು. ಗುರುತ್ವಕೇಂದ್ರವು ಕೆಳಗಿದ್ದಷ್ಟೂ ವಸ್ತು ಸ್ಥಿರವಾಗಿರುತ್ತದೆಂಬುದು ಹೈಸ್ಕೂಲಿನ ಪಾಠವಷ್ಟೆ! ಆದರೆ ಅಂದು ರಾತ್ರಿ ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕಮಾಡುತ್ತ ಕುಳಿತಾಗ, ನಾನು ಕೊಟ್ಟ ಉತ್ತರದಲ್ಲಿ ಅರ್ಧ ಮಾತ್ರ ನಿಜವೆಂಬುದೂ, ಉಳಿದರ್ಧವು ಅಪಾಯಕರವೆಂಬುದೂ ಸ್ಪಷ್ಟವಾಯಿತು. ಆ ಆತುರದ ಉತ್ತರದ ಋಣವನ್ನು ತೀರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾರನ್ನು ತಗ್ಗಿಸುವುದು ಬೇರೆ, ಕಾರಿನ ಭಾರವನ್ನು ತಗ್ಗಿನಲ್ಲಿಡುವುದು ಬೇರೆ. ಎರಡನೆಯದು ವಿಜ್ಞಾನ, ಮೊದಲನೆಯದು ಬಹುಮಟ್ಟಿಗೆ ಅಲಂಕಾರ. ಅಲಂಕಾರವು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ವಿಜ್ಞಾನದ ಹೆಸರನ್ನು ಕೊಟ್ಟು, ಆ ಹೆಸರನ್ನು ನಂಬಿ ಮಳೆಯಲ್ಲಿ ನೆನೆದ ತಿರುವಿಗೆ ವೇಗವಾಗಿ ನುಗ್ಗುವುದು ತಪ್ಪು.

ಈ ಹವ್ಯಾಸದ ಬೇರು ಜರ್ಮನಿ, ಜಪಾನ್, ಅಮೆರಿಕ ಮೊದಲಾದ ದೇಶಗಳಲ್ಲಿದೆ. ಅಲ್ಲಿ ಕಾರು ತಯಾರಿಸುವ ಕಾರ್ಖಾನೆಗಳಲ್ಲದೆ, ಬದಲಿ ಸ್ಪ್ರಿಂಗುಗಳನ್ನು ಮಾತ್ರವೇ ತಯಾರಿಸಿ ಮಾರುವ ಬೇರೆ ಸಂಸ್ಥೆಗಳೂ ಉಂಟು. ಜರ್ಮನಿಯ ಐಬಾಖ್ ಸಂಸ್ಥೆಯು 1951ರಲ್ಲಿ ಸ್ಥಾಪಿತವಾದದ್ದು. ನಾಲ್ಕು ಚಕ್ರಗಳಿಗೆ ನಾಲ್ಕು ಸ್ಪ್ರಿಂಗುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಇಂಥ ಕಾರನ್ನು ಇಷ್ಟು ಮಿಲಿಮೀಟರು ತಗ್ಗಿಸುತ್ತದೆಂದು ನಮೂದಿಸಿ ಮಾರುತ್ತಾರೆ. ಸಾಮಾನ್ಯವಾಗಿ ಈ ತಗ್ಗು 25ರಿಂದ 30 ಮಿ.ಮೀ. ಇರುತ್ತದೆ. ನೋಡುವುದಕ್ಕೆ ಅತ್ಯಲ್ಪವೆನಿಸುವ ಈ ಒಂದಂಗುಲದಿಂದ ಏನೇನಾಗುತ್ತದೆಂಬುದನ್ನು ಒಂದು ನಿಜವಾದ ಕಾರನ್ನು ಎದುರಿಗಿಟ್ಟುಕೊಂಡು ಪರಿಶೀಲಿಸೋಣ.

ಜಪಾನಿನ ಟೊಯೋಟಾ ಮತ್ತು ಸುಬಾರು ಸಂಸ್ಥೆಗಳು ಕೂಡಿ ನಿರ್ಮಿಸಿ 2012ರಲ್ಲಿ ಮಾರಾಟಕ್ಕೆ ತಂದ ಒಂದು ಕೂಪೆ ಕಾರು ನಮ್ಮ ಉದಾಹರಣೆಗೆ ಬಹಳ ಅನುಕೂಲವಾಗಿದೆ. ಟೊಯೋಟಾ ಅದನ್ನು 86 ಎಂದೂ, ಸುಬಾರು ಬಿ.ಆರ್.ಝಡ್. ಎಂದೂ ಕರೆದವು. ಅದರ ತೂಕ ಸುಮಾರು 1250 ಕಿ.ಗ್ರಾಂ.; ಎಡಬಲ ಚಕ್ರಗಳ ನಡುವಣ ಅಂತರ ಸುಮಾರು 1.53 ಮೀಟರು, ಗುರುತ್ವಕೇಂದ್ರವು ನೆಲದಿಂದ ಸುಮಾರು 46 ಸೆಂ.ಮೀ. ಎತ್ತರದಲ್ಲಿದೆ. ಸಾಮಾನ್ಯ ಕಾರುಗಳಿಗೆ ಹೋಲಿಸಿದರೆ ಇದು ಬಹಳ ತಗ್ಗು. ಇದನ್ನು ಅವರು ಸಾಧಿಸಿದ ಬಗೆಯನ್ನು ಗಮನಿಸಬೇಕು. ಅವರು ಒಡಲನ್ನು ಚಕ್ರಗಳ ಮೇಲೆ ಕುಗ್ಗಿಸಿ ಕೂಡಿಸಲಿಲ್ಲ. ಸಿಲಿಂಡರುಗಳನ್ನು ನಿಲ್ಲಿಸದೆ ಎಡಬಲಕ್ಕೆ ಮಲಗಿಸಿದ ಚಪ್ಪಟೆಯ ಎಂಜಿನನ್ನು ಆರಿಸಿ ಅದನ್ನು ಕೆಳಗಿಟ್ಟರು, ಆಸನಗಳನ್ನೂ ಕೆಳಗಿಟ್ಟರು. ಅಂದರೆ ಭಾರವನ್ನು ಒಡಲಿನೊಳಗೆ ಕೆಳಕ್ಕೆ ತಂದರು. ಚಕ್ರಗಳು ಮೇಲೆ ಕೆಳಗೆ ಆಡುವುದಕ್ಕೆ ಬೇಕಾದ ಎಡೆಯನ್ನು ಮಾತ್ರ ಹಾಗೆಯೇ ಉಳಿಸಿದರು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ವಾದವೆಲ್ಲವೂ ಅದರ ಮೇಲೆಯೇ ನಿಂತಿದೆ.

ಈಗ ಸ್ಪ್ರಿಂಗಿನ ವಿಷಯಕ್ಕೆ ಬರೋಣ. ಸ್ಪ್ರಿಂಗು ಎಷ್ಟು ಕುಗ್ಗುತ್ತದೆಯೋ ಅದಕ್ಕೆ ಅನುಪಾತವಾಗಿ ಅದರ ಬಲ ಹೆಚ್ಚುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಒಂದು ಮಿಲಿಮೀಟರು ಕುಗ್ಗಿಸಲು ಬೇಕಾಗುವ ಬಲವನ್ನು ಸ್ಪ್ರಿಂಗಿನ ಬಿಗಿತ ಎನ್ನೋಣ. ಸುರುಳಿ ಸ್ಪ್ರಿಂಗಿನ ಬಿಗಿತವು ಸರಳಿನ ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತವಾಗಿಯೂ, ಸುರುಳಿಯ ವ್ಯಾಸದ ಘನಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮವಾಗಿಯೂ ಇರುತ್ತದೆ. ಸರಳಿನ ದಪ್ಪವನ್ನು ನೂರಕ್ಕೆ 5ರಷ್ಟು ಹೆಚ್ಚಿಸಿದರೆ ಸಾಕು, ಬಿಗಿತವು ನೂರಕ್ಕೆ 21ಕ್ಕಿಂತ ಹೆಚ್ಚಾಗಿ ಏರುತ್ತದೆ. ಸ್ಪ್ರಿಂಗಿನ ಕಸುಬು ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ಇದೊಂದೇ ಸಾಕ್ಷಿ ಸಾಲದೆ?

ನಮ್ಮ ಕಾರಿನ ತೂಕದಲ್ಲಿ ಚಕ್ರ, ಬ್ರೇಕು ಮೊದಲಾದವುಗಳನ್ನು ಕಳೆದರೆ ಒಂದೊಂದು ಮೂಲೆಯ ಸ್ಪ್ರಿಂಗು ಹೊರಬೇಕಾದ ಹೊರೆ ಸುಮಾರು 280 ಕಿ.ಗ್ರಾಂ. ಆಗುತ್ತದೆ. ಒಡಲು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ 1.4 ಸಲ ತೂಗುವಂತೆ ಇಂಜಿನಿಯರರು ಬಿಗಿತವನ್ನು ಗೊತ್ತುಮಾಡಿದ್ದಾರೆಂದು ಇಟ್ಟುಕೊಳ್ಳೋಣ. ಇದು ಲೆಕ್ಕದ ಸೌಕರ್ಯಕ್ಕಾಗಿ ಎತ್ತಿಕೊಂಡ ಸಂಖ್ಯೆ. ಇಂಥ ಕಾರುಗಳಿಗೆ ಸಹಜವಾದುದೇ. ತರಗತಿಯಲ್ಲಿ ಕಲಿತ ಸೂತ್ರವನ್ನು ಹಾಕಿದರೆ ಚಕ್ರದ ಬಳಿ ಅಳೆದ ಬಿಗಿತವು ಮಿಲಿಮೀಟರಿಗೆ ಸುಮಾರು 21.7 ನ್ಯೂಟನ್ ಎಂದೂ, ನಿಂತ ಕಾರಿನ ಭಾರಕ್ಕೆ ಸ್ಪ್ರಿಂಗು ಸುಮಾರು 127 ಮಿ.ಮೀ. ಕುಗ್ಗಿರುತ್ತದೆಂದೂ ತಿಳಿಯುತ್ತದೆ.

ತಗ್ಗಿಸುವ ಸ್ಪ್ರಿಂಗನ್ನು ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿಯೇ ಮಾಡುತ್ತಾರೆ. ನೂರಕ್ಕೆ 20ರಷ್ಟು ಬಿಗಿ ಎನ್ನೋಣ. ಇಲ್ಲೊಂದು ಚಮತ್ಕಾರವನ್ನು ನೋಡಿ: ಹೆಚ್ಚು ಬಿಗಿಯಾದ ಸ್ಪ್ರಿಂಗು ಅದೇ ಭಾರಕ್ಕೆ ಕಡಿಮೆ ಕುಗ್ಗುತ್ತದೆ. 127ರ ಬದಲು ಸುಮಾರು 106 ಮಿ.ಮೀ. ಮಾತ್ರ. ಆದುದರಿಂದ ಬಿಗಿತವು ಕಾರನ್ನು ಎತ್ತುತ್ತದೆಯೇ ಹೊರತು ತಗ್ಗಿಸುವುದಿಲ್ಲ! ಕಾರು 25 ಮಿ.ಮೀ. ತಗ್ಗಬೇಕಾದರೆ ಹೊಸ ಸ್ಪ್ರಿಂಗಿನ ಸಹಜ ಉದ್ದವು 25 ಅಲ್ಲ, ಸುಮಾರು 46 ಮಿ.ಮೀ. ಕಡಿಮೆಯಿರಬೇಕು. ಹೀಗೆ ಗಿಡ್ಡತನ ಮತ್ತು ಬಿಗಿತ ಎರಡು ಬೇರೆ ಬೇರೆ ಗುಣಗಳು. ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದ ನಾವು ಅವನ್ನು ಒಂದೆಂದು ಭ್ರಮಿಸುತ್ತೇವೆ. ಇವುಗಳಲ್ಲಿ ಯಾವುದು ಏನನ್ನು ಮಾಡುತ್ತದೆಂಬುದನ್ನು ಬೇರ್ಪಡಿಸಿ ನೋಡುವುದೇ ಭೌತವಿಜ್ಞಾನಿಯ ಕೆಲಸ.

ಮೊದಲು ಗಿಡ್ಡತನದ ಲಾಭವನ್ನು ನ್ಯಾಯವಾಗಿ ಲೆಕ್ಕಹಾಕೋಣ. ತಿರುವಿನಲ್ಲಿ ಓಡುವ ಕಾರಿನ ಭಾರದ ಒಂದಂಶವು ಒಳಚಕ್ರಗಳಿಂದ ಹೊರಚಕ್ರಗಳಿಗೆ ವರ್ಗವಾಗುತ್ತದೆ. ಎಷ್ಟು ಎಂಬುದನ್ನು ಕಂಡುಹಿಡಿಯುವುದು ಸುಲಭ: ಕಾರಿನ ದ್ರವ್ಯರಾಶಿ, ಕೇಂದ್ರಾಭಿಮುಖ ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ ಇವು ಮೂರನ್ನೂ ಗುಣಿಸಿ ಚಕ್ರಗಳ ನಡುವಣ ಅಂತರದಿಂದ ಭಾಗಿಸಬೇಕು. ಈ ಸೂತ್ರದಲ್ಲಿ ಸ್ಪ್ರಿಂಗಿನ ಬಿಗಿತವು ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಿರಿ. ಕಾರು ಕಣ್ಣಿಗೆ ಕಾಣುವಂತೆ ವಾಲಲಿ, ವಾಲದಿರಲಿ, ಒಟ್ಟು ಭಾರವರ್ಗಾವಣೆ ಹೆಚ್ಚುಕಡಮೆ ಅಷ್ಟೇ. ವಾಲುವುದನ್ನು ನೋಡಿ ನಾವು ಹೆದರುತ್ತೇವೆ. ಆದರೆ ಟೈರಿಗೆ ತಿಳಿಯುವುದು ಭಾರ ಮಾತ್ರ.

ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಹತ್ತರಲ್ಲಿ ಎಂಟು ಪಾಲಿದ್ದರೆ, ಇದು ಬಹಳ ರಭಸದ ತಿರುವೇ ಸರಿ, ನಮ್ಮ ಕಾರಿನಲ್ಲಿ ಸುಮಾರು 2950 ನ್ಯೂಟನ್ ಭಾರ ಹೊರಗಡೆಗೆ ವರ್ಗವಾಗುತ್ತದೆ. ಗುರುತ್ವಕೇಂದ್ರವನ್ನು 25 ಮಿ.ಮೀ. ಇಳಿಸಿದರೆ ಅದು ಸುಮಾರು 2790 ನ್ಯೂಟನ್ ಆಗುತ್ತದೆ. ಉಳಿತಾಯವು 160 ನ್ಯೂಟನ್. ನೂರಕ್ಕೆ ಐದಕ್ಕಿಂತ ತುಸು ಹೆಚ್ಚು. ಚಕ್ರಗಳು ಕೆಳಗಿಳಿಯದೆ ಇದ್ದಲ್ಲಿಯೇ ಇರುವುದರಿಂದ ನಿಜವಾದ ಲಾಭ ಇದಕ್ಕಿಂತಲೂ ಸ್ವಲ್ಪ ಕಡಿಮೆ. ಈ ಲಾಭವು ಸುಳ್ಳಲ್ಲ. ಟೈರಿನ ಘರ್ಷಣಾಂಕವು ಭಾರ ಹೆಚ್ಚಿದಂತೆ ಸ್ವಲ್ಪ ಇಳಿಯುವುದರಿಂದ, ನಾಲ್ಕು ಟೈರುಗಳೂ ಆದಷ್ಟು ಸಮವಾಗಿ ಭಾರ ಹೊತ್ತರೆ ಹಿಡಿತವು ಹೆಚ್ಚುವುದು ನಿಜ. ಆದರೆ ಇದನ್ನು ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಭಾರವರ್ಗಾವಣೆಯು ವೇಗದ ವರ್ಗಕ್ಕೆ ಅನುಪಾತವಾಗಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ತಿರುವನ್ನು ಹಾಯುವವನು ತನ್ನ ವೇಗವನ್ನು 58.4 ಕಿ.ಮೀ.ಗೆ ಇಳಿಸಿದರೆ ಇಷ್ಟೇ ಲಾಭ ದೊರೆಯುತ್ತದೆ! ನಾಲ್ಕು ಹೊಸ ಸ್ಪ್ರಿಂಗುಗಳು ಕೊಡುವ ಭದ್ರತೆಯನ್ನು ಬಲಗಾಲಿನ ಹೆಬ್ಬೆರಳು ಪುಕ್ಕಟೆಯಾಗಿ ಕೊಡುತ್ತದೆ.

ಇನ್ನು ವಾಲುವಿಕೆಯ ವಿಷಯ. ತಿರುವಿನಲ್ಲಿ ಒಡಲು ಗುರುತ್ವಕೇಂದ್ರದ ಸುತ್ತಲಾಗಲಿ ನೆಲದ ಸುತ್ತಲಾಗಲಿ ವಾಲುವುದಿಲ್ಲ. ಚಕ್ರಗಳನ್ನು ಒಡಲಿಗೆ ಜೋಡಿಸುವ ಬಾಹುಗಳ ರಚನೆಯಿಂದ ಗೊತ್ತಾಗುವ ಒಂದು ಬಿಂದುವಿದೆ. ಅದರ ಸುತ್ತ ವಾಲುತ್ತದೆ. ಅದನ್ನು ವಾಲುಕೇಂದ್ರವೆನ್ನೋಣ. ವಾಲುಕೇಂದ್ರದಿಂದ ಗುರುತ್ವಕೇಂದ್ರದವರೆಗಿನ ಎತ್ತರವೇ ಕಾರನ್ನು ವಾಲಿಸುವ ಸನ್ನೆಯ ತೋಳು. ತೋಳು ಉದ್ದವಾದಷ್ಟೂ ಕಾರು ಹೆಚ್ಚು ವಾಲುತ್ತದೆ. ಈಗ ಕೇಳಬೇಕಾದ ಪ್ರಶ್ನೆ ಇದು: ಕಾರನ್ನು ತಗ್ಗಿಸಿದಾಗ ಗುರುತ್ವಕೇಂದ್ರವೇನೋ ಇಳಿಯಿತು, ಸರಿ; ವಾಲುಕೇಂದ್ರವು ಏನು ಮಾಡಿತು?

ನಾವು ಎತ್ತಿಕೊಂಡ ಕಾರಿನ ಮುಂಚಕ್ರಗಳಿಗೆ ಇರುವುದು ಮ್ಯಾಕ್‌ಫರ್ಸನ್ ಪದ್ಧತಿಯ ಸಸ್ಪೆನ್ಷನ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಇಂಜಿನಿಯರನ ಹೆಸರಿನಲ್ಲಿ ಪ್ರಸಿದ್ಧವಾಗಿ, 1950ರ ಸುಮಾರಿನಿಂದ ಫೋರ್ಡ್ ಕಾರುಗಳ ಮೂಲಕ ಹರಡಿದ ಈ ಪದ್ಧತಿ ಇಂದು ನಮ್ಮ ದೇಶದ ಸಣ್ಣ ಕಾರುಗಳಲ್ಲಿಯೂ ಸರ್ವಸಾಮಾನ್ಯ. ಇದರಲ್ಲಿ ಮೇಲೆ ಸ್ಪ್ರಿಂಗನ್ನು ಹೊತ್ತ ಒಂದು ಕಂಬ, ಕೆಳಗೆ ಒಂದು ಬಾಹು. ಬಾಹುವಿನ ಒಳತುದಿ ಒಡಲಿಗೂ, ಹೊರತುದಿ ಚಕ್ರಕ್ಕೂ ಸೇರಿರುತ್ತದೆ. ಒಳತುದಿಯು ಹೊರತುದಿಗಿಂತ ತುಸು ಮೇಲಿದ್ದರೆ ವಾಲುಕೇಂದ್ರವೂ ತಕ್ಕಷ್ಟು ಮೇಲಿರುತ್ತದೆ. ಕಾರನ್ನು ತಗ್ಗಿಸಿದಾಗ ಒಳತುದಿಯು ಒಡಲಿನೊಡನೆ ಕೆಳಗಿಳಿಯುತ್ತದೆ. ಹೊರತುದಿಯು ಚಕ್ರದೊಡನೆ ಅಲ್ಲಿಯೇ ಉಳಿಯುತ್ತದೆ. ಬಾಹುವಿನ ಇಳಿಜಾರು ಬದಲಾಗಿ, ವಾಲುಕೇಂದ್ರವು ಒಡಲಿಗಿಂತ ಹೆಚ್ಚು ವೇಗವಾಗಿ ಕುಸಿಯುತ್ತದೆ. ಈ ಪದ್ಧತಿಯ ಸಾಧಾರಣ ಅಳತೆಗಳನ್ನು ಇಟ್ಟುಕೊಂಡು ನಾನು ರೇಖಾಚಿತ್ರ ಬರೆದು ನೋಡಿದಾಗ, ಒಡಲು ಇಳಿದ ದೂರದ ಎರಡರಷ್ಟಕ್ಕಿಂತಲೂ ಹೆಚ್ಚಾಗಿ ವಾಲುಕೇಂದ್ರವು ಇಳಿಯಿತು. ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ತಾವೇ ಬರೆದು ನೋಡಬಹುದು.

ಎರಡರಷ್ಟೆಂದೇ ಹಿಡಿಯೋಣ. ಮೊದಲು ಗುರುತ್ವಕೇಂದ್ರ 46 ಸೆಂ.ಮೀ., ವಾಲುಕೇಂದ್ರ 8 ಸೆಂ.ಮೀ. ಎತ್ತರದಲ್ಲಿದ್ದರೆ ತೋಳಿನ ಉದ್ದ 38 ಸೆಂ.ಮೀ. ತಗ್ಗಿಸಿದ ಮೇಲೆ ಗುರುತ್ವಕೇಂದ್ರ 43.5ಕ್ಕೂ, ವಾಲುಕೇಂದ್ರ 3ಕ್ಕೂ ಇಳಿದವು, ತೋಳು 40.5 ಸೆಂ.ಮೀ. ಆಯಿತು. ಅಂದರೆ ಕಾರು ತಗ್ಗಿತು, ಆದರೆ ಅದನ್ನು ವಾಲಿಸುವ ತೋಳು ನೂರಕ್ಕೆ ಆರರಿಂದ ಏಳರಷ್ಟು ಬೆಳೆಯಿತು! ಹಾಗಾದರೆ ತಗ್ಗಿದ ಕಾರು ಕಡಿಮೆ ವಾಲುವಂತೆ ತೋರುವುದೇಕೆ? ಬಿಗಿತದಿಂದ. ಅಲ್ಲಿಯೂ ಲಾಭ ಪೂರ್ತಿ ದೊರೆಯುವುದಿಲ್ಲ. ವಾಲುವಿಕೆಯನ್ನು ತಡೆಯುವುದರಲ್ಲಿ ಅರ್ಧ ಪಾಲು ಸ್ಪ್ರಿಂಗುಗಳದು, ಇನ್ನರ್ಧವು ಎಡಬಲ ಚಕ್ರಗಳನ್ನು ಕೂಡಿಸುವ ಅಡ್ಡಸರಳಿನದು ಎಂದಿಟ್ಟುಕೊಂಡರೆ, ಸ್ಪ್ರಿಂಗುಗಳ 20ರ ಹೆಚ್ಚಳವು ಒಟ್ಟಿನಲ್ಲಿ 10ರ ಹೆಚ್ಚಳವಾಗುತ್ತದೆ. ಅದರಲ್ಲಿ ಬಹುಭಾಗವನ್ನು ಬೆಳೆದ ತೋಳೇ ನುಂಗಿಹಾಕುತ್ತದೆ. ಕೊನೆಗೆ ಕೈಗೆ ದಕ್ಕುವುದು ನೂರಕ್ಕೆ ಮೂರರಷ್ಟು ಕಡಿಮೆ ವಾಲುವಿಕೆ. ಕಾರನ್ನು ತಗ್ಗಿಸದೆ ಸ್ಪ್ರಿಂಗನ್ನು ಮಾತ್ರ ಬಿಗಿಮಾಡಿದ್ದರೆ ಇದರ ಮೂರರಷ್ಟು ಲಾಭ ಸಿಗುತ್ತಿತ್ತು. ನನ್ನ ವಿದ್ಯಾರ್ಥಿಯು ಗಿಡ್ಡತನಕ್ಕೆ ಸಲ್ಲಿಸಿದ ಪ್ರಶಸ್ತಿಯು ಬಿಗಿತಕ್ಕೆ ಸಲ್ಲಬೇಕಾದದ್ದು.

ಇಷ್ಟಾದರೂ ನಷ್ಟವೇನಿಲ್ಲವಲ್ಲ, ಎಂದು ಯಾರಾದರೂ ಹೇಳಬಹುದು. ನಷ್ಟವು ಇನ್ನು ಮುಂದಿದೆ. ಚಕ್ರವು ಮೇಲಕ್ಕೆ ಚಲಿಸಲು ಒಂದು ಮಿತಿಯುಂಟು. ಆ ಮಿತಿಯ ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನಂಥ ಗಟ್ಟಿ ದಿಂಬು ಇರುತ್ತದೆ. ಲೋಹಕ್ಕೆ ಲೋಹ ಬಡಿಯದಂತೆ ಅದು ಕಾಪಾಡುತ್ತದೆ. ನಿಂತ ಕಾರಿನಲ್ಲಿ ಚಕ್ರಕ್ಕೂ ಈ ದಿಂಬಿಗೂ ನಡುವೆ 60 ಮಿ.ಮೀ. ಎಡೆಯಿತ್ತೆಂದು ಭಾವಿಸೋಣ. ಕಾರನ್ನು 25 ಮಿ.ಮೀ. ತಗ್ಗಿಸಿದೊಡನೆ ಉಳಿಯುವುದು 35 ಮಿ.ಮೀ. ಮಾತ್ರ. ಸ್ಪ್ರಿಂಗು ಶೇಖರಿಸಿಕೊಳ್ಳಬಲ್ಲ ಶಕ್ತಿಯು ದೂರದ ವರ್ಗಕ್ಕೆ ಅನುಪಾತವಾಗಿರುವುದನ್ನು ನೆನೆಯಿರಿ. ಮೊದಲಿನ ಸ್ಪ್ರಿಂಗು ದಿಂಬನ್ನು ಮುಟ್ಟುವುದಕ್ಕೆ ಮುಂಚೆ ಸುಮಾರು 39 ಜೂಲ್ ಶಕ್ತಿಯನ್ನು ನುಂಗುತ್ತಿತ್ತು. ಹೊಸದು ನೂರಕ್ಕೆ 20 ಹೆಚ್ಚು ಬಿಗಿಯಾಗಿದ್ದರೂ ಸುಮಾರು 16 ಜೂಲ್ ಮಾತ್ರ ನುಂಗಬಲ್ಲದು. ಎಡೆಯಲ್ಲಿ ಕಳೆದುಕೊಂಡದ್ದು ಐದರಲ್ಲಿ ಎರಡು ಪಾಲು. ಶಕ್ತಿಯಲ್ಲಿ ಕಳೆದುಕೊಂಡದ್ದು ಐದರಲ್ಲಿ ಮೂರು ಪಾಲು. ಹಳೆಯ ಸಾಮರ್ಥ್ಯವನ್ನು ಮರಳಿ ಪಡೆಯಬೇಕಾದರೆ ಬಿಗಿತವನ್ನು ಸುಮಾರು ಮೂರರಷ್ಟು ಮಾಡಬೇಕು. ಅಂಥ ಕಾರಿನಲ್ಲಿ ಕುಳಿತು ಊರಿಗೆ ಹೋಗಿಬಂದರೆ ಬೆನ್ನುಮೂಳೆಯೇ ಸ್ಪ್ರಿಂಗಿನ ಕೆಲಸ ಮಾಡಬೇಕಾದೀತು.

ಈ ನಷ್ಟವು ನೇರ ರಸ್ತೆಯಲ್ಲಿ ಬರಿಯ ಅನಾನುಕೂಲ, ತಿರುವಿನಲ್ಲಿ ಅಪಾಯ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಡೆಯ ಸ್ಪ್ರಿಂಗುಗಳು ಆಗಲೇ ಕುಗ್ಗಿರುತ್ತವೆ. ಉಳಿದ ಎಡೆ ಇನ್ನೂ ಕಡಿಮೆ. ಆ ಸ್ಥಿತಿಯಲ್ಲಿ ಹಿಂದಿನ ಹೊರಚಕ್ರವು ಒಂದು ಸಣ್ಣ ಉಬ್ಬನ್ನು ಹಾಯ್ದಿತೆನ್ನಿ. ಚಕ್ರವು ದಿಂಬಿಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಆ ಮೂಲೆಯ ಬಿಗಿತವು ಹಲವು ಪಟ್ಟು ಏರುತ್ತದೆ. ಆ ಟೈರಿನ ಮೇಲಣ ಭಾರವು ಒಮ್ಮೆಲೆ ಹೆಚ್ಚಿ, ಮರುಕ್ಷಣವೇ ಚಕ್ರವು ಪುಟಿದು ಹಗುರವಾಗುತ್ತದೆ. ಹಗುರವಾದ ಟೈರಿಗೆ ಹಿಡಿತವಿಲ್ಲ. ಹಿಂಚಕ್ರಗಳಿಂದಲೇ ನಡೆಯುವ ಇಂಥ ಕಾರಿನ ಬಾಲವು ಒದ್ದೆ ರಸ್ತೆಯಲ್ಲಿ ಹೊರಕ್ಕೆ ಜಾರುವುದಕ್ಕೆ ಇಷ್ಟು ಸಾಕು. ಇದರಲ್ಲಿ ಅತ್ಯಂತ ಕೆಟ್ಟ ಅಂಶವೆಂದರೆ ಮುನ್ಸೂಚನೆ ಇಲ್ಲದಿರುವುದು. ಉದ್ದನೆಯ ಎಡೆಯುಳ್ಳ ಮೃದುವಾದ ಕಾರು ಮೊದಲು ವಾಲುತ್ತದೆ, ನರಳುತ್ತದೆ, ಚಾಲಕನಿಗೆ ಎಚ್ಚರಿಕೆ ಹೇಳುತ್ತದೆ. ಎಡೆಯನ್ನು ಕಳೆದುಕೊಂಡ ಕಾರು ಕೊನೆಯ ಕ್ಷಣದವರೆಗೂ ಭದ್ರವಾಗಿರುವಂತೆ ನಟಿಸಿ, ಆಮೇಲೆ ಒಮ್ಮೆಗೇ ಕೈಬಿಡುತ್ತದೆ.

ಜೊತೆಗೆ ಬರುವ ಇತರ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಷಾಕ್ ಅಬ್ಸಾರ್ಬರುಗಳನ್ನು ಹಳೆಯ ಸ್ಪ್ರಿಂಗಿನ ಬಿಗಿತಕ್ಕೆ ಹೊಂದಿಸಿರುತ್ತಾರೆ; ಸ್ಪ್ರಿಂಗು ನೂರಕ್ಕೆ 20 ಬಿಗಿಯಾದರೆ ಕಂಪನಶಮನದ ಅನುಪಾತವು ನೂರಕ್ಕೆ ಸುಮಾರು 9ರಷ್ಟು ಇಳಿಯುತ್ತದೆ. ಕಾರು ಉಬ್ಬನ್ನು ದಾಟಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಕುಣಿಯುತ್ತದೆ. ಚಕ್ರಗಳು ಲಂಬದಿಂದ ಓರೆಯಾಗುವ ಕೋನವೂ, ನೇರಕ್ಕೆ ಮುಖಮಾಡುವ ಕೋನವೂ ಬದಲಾಗುತ್ತವೆ. ಅವನ್ನು ಪುನಃ ಸರಿಪಡಿಸದಿದ್ದರೆ ಟೈರು ಒಂದು ಬದಿಯಲ್ಲಿಯೇ ಸವೆಯುತ್ತದೆ. ಸ್ಪ್ರಿಂಗು ಬಹಳ ಗಿಡ್ಡವಾದರೆ, ಚಕ್ರವು ಗುಂಡಿಯ ಮೇಲೆ ಜೋತಾಡುವಾಗ ಅದು ತನ್ನ ಪೀಠದಿಂದ ಸಡಿಲವಾಗುವ ಸಂಭವವೂ ಉಂಟು. ಒಂದು ಬಿಡಿಭಾಗವನ್ನು ಬದಲಾಯಿಸಿದೆವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಒಂದು ಒಪ್ಪಂದವನ್ನೇ ಮುರಿದಿರುತ್ತೇವೆ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪವೊಂದಿದೆ. "ಪಂದ್ಯದ ಕಾರುಗಳೆಲ್ಲ ನೆಲಕ್ಕಂಟಿಕೊಂಡೇ ಇರುತ್ತವಲ್ಲ?" ಎಂದು ಕೇಳುವರು. ನಿಜ. ಆದರೆ ಅವು ಓಡುವುದು ನಯವಾದ ಪಥದಲ್ಲಿ. ಅವುಗಳ ಸ್ಪ್ರಿಂಗುಗಳು ಹಲವು ಪಟ್ಟು ಬಿಗಿ. ಷಾಕ್ ಅಬ್ಸಾರ್ಬರುಗಳು ಅದಕ್ಕೆ ತಕ್ಕವು. ಬಾಹುಗಳ ಕೀಲುಗಳನ್ನೇ ಸ್ಥಳಾಂತರಿಸಿ ವಾಲುಕೇಂದ್ರವನ್ನು ಬೇಕಾದಲ್ಲಿಗೆ ತಂದಿರುತ್ತಾರೆ. ಕೆಳಗೆ ಹರಿಯುವ ಗಾಳಿಯಿಂದ ಕಾರನ್ನು ನೆಲಕ್ಕೊತ್ತುವ ಉಪಾಯವನ್ನೂ ಮಾಡಿರುತ್ತಾರೆ. ಅವರು ತಗ್ಗಿಸಿದ್ದು ಹತ್ತು ಬದಲಾವಣೆಗಳಲ್ಲಿ ಒಂದು. ನಾವು ಒಂಬತ್ತನ್ನು ಬಿಟ್ಟು ಕಣ್ಣಿಗೆ ಕಾಣುವ ಹತ್ತನೆಯದನ್ನು ಮಾತ್ರ ಅನುಕರಿಸುತ್ತೇವೆ.

ಬದಲಿ ಸ್ಪ್ರಿಂಗುಗಳೆಲ್ಲವೂ ಕೆಟ್ಟವೆಂದು ನನ್ನ ಅಭಿಪ್ರಾಯವಲ್ಲ. ಒಳ್ಳೆಯ ತಯಾರಕರು ಕಾರನ್ನು ಅಳೆದು, ಮಿತವಾಗಿ ತಗ್ಗಿಸಿ, ಕುಗ್ಗಿದಂತೆಲ್ಲ ಬಿಗಿತವು ಏರುವಂಥ ಸುರುಳಿಗಳನ್ನು ಮಾಡುತ್ತಾರೆ. ತಕ್ಕ ಷಾಕ್ ಅಬ್ಸಾರ್ಬರುಗಳೊಡನೆ ಜೋಡಿಸಿದಾಗ ಅವು ಚೆನ್ನಾಗಿಯೇ ಕೆಲಸಮಾಡುತ್ತವೆ. ಜರ್ಮನಿಯಲ್ಲಿ ಇಂಥ ಸ್ಪ್ರಿಂಗುಗಳಿಗೆ ತಾಂತ್ರಿಕ ಪರೀಕ್ಷೆಯ ಪ್ರಮಾಣಪತ್ರವಿರಬೇಕು. ಜಪಾನಿನ ವಾಹನತಪಾಸಣೆಯಲ್ಲಿ ಒಡಲಿಗೂ ನೆಲಕ್ಕೂ ಕನಿಷ್ಠ 9 ಸೆಂ.ಮೀ. ಅಂತರವಿರಬೇಕೆಂಬ ನಿಯಮವಿದೆ. ಹವ್ಯಾಸಕ್ಕೆ ಅವಕಾಶವನ್ನೂ ಕೊಟ್ಟು ಅದಕ್ಕೊಂದು ಲೆಕ್ಕದ ಬೇಲಿಯನ್ನೂ ಹಾಕಿರುವ ಈ ವಿವೇಕವು ಮೆಚ್ಚತಕ್ಕದ್ದು.

ನಮ್ಮ ದೇಶದ ಪರಿಸ್ಥಿತಿಯಾದರೋ ಬೇರೆ. ಈ ಮೋಹವು ಚಿತ್ರಗಳ ಮೂಲಕ ಇಲ್ಲಿಗೂ ಬಂದು, ಸಾಧಾರಣ ಕಾರುಗಳ ಸ್ಪ್ರಿಂಗುಗಳನ್ನೇ ಕತ್ತರಿಸಿ ಗಿಡ್ಡಮಾಡುವ ಅಗ್ಗದ ದಾರಿಯನ್ನು ಕೆಲವರು ಹಿಡಿದಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತವು ನೂರಕ್ಕೆ 20 ಏರುವುದೇನೋ ನಿಜ. ಆದರೆ ಗ್ಯಾಸ್ ಜ್ವಾಲೆಯಿಂದ ಕತ್ತರಿಸಿದಾಗ ಉಕ್ಕಿನ ಹದವು ಕೆಡುತ್ತದೆ, ಕತ್ತರಿಸಿದ ತುದಿಯು ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಹದಗೆಟ್ಟ ಉಕ್ಕು ಯಾವ ದಿನ ಮುರಿಯುವುದೆಂದು ಹೇಳಬಲ್ಲವರಾರು?

ರಸ್ತೆಯ ಉಬ್ಬುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಗೊತ್ತುಮಾಡಿದ ಮಾದರಿಯಂತೆ ಉಬ್ಬಿನ ಅಗಲ 3.7 ಮೀಟರು, ಎತ್ತರ 10 ಸೆಂ.ಮೀ. ನಾವು ಎತ್ತಿಕೊಂಡ ಕೂಪೆಯ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 2.57 ಮೀಟರು. ಎರಡೂ ಅಚ್ಚುಗಳು ಇಂಥ ಉಬ್ಬಿನ ಮೇಲಿರುವಾಗ ನಡುವೆ ರಸ್ತೆಯು ಸುಮಾರು 5 ಸೆಂ.ಮೀ. ಮಾತ್ರ ಎದ್ದಿರುತ್ತದೆ, ನೆಲದಿಂದ ಸುಮಾರು 13 ಸೆಂ.ಮೀ. ಎತ್ತರದಲ್ಲಿರುವ ಆ ಕಾರು, ತಗ್ಗಿ 10.5 ಆದರೂ, ನಿಧಾನವಾಗಿ ಹೋದರೆ ತಳ ತಾಗದೆ ದಾಟೀತು. ಆದರೆ ನಮ್ಮ ಊರುಗಳಲ್ಲಿರುವ ಉಬ್ಬುಗಳೆಲ್ಲ ಈ ಮಾದರಿಯವೇ? ಎರಡಡಿ ಅಗಲದ ಕಡಿದಾದ ದಿಣ್ಣೆಯು 12 ಸೆಂ.ಮೀ. ಎತ್ತರವಿದ್ದರೆ, ತಗ್ಗದ ಕಾರು ಕಷ್ಟದಿಂದ ದಾಟುತ್ತದೆ. ತಗ್ಗಿದ ಕಾರಿನ ತಳವು ಕೆರೆಯುತ್ತದೆ. ಕಾನೂನಿನ ಮಾತನ್ನೂ ಮರೆಯಲಾಗದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಯಾರಕನು ಮೂಲತಃ ನಿರ್ದಿಷ್ಟಪಡಿಸಿ ನೋಂದಣಿಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದಿದೆ.

ಆದರೆ ಕಾನೂನಿನ ಭಯದಿಂದ ಮಾತ್ರ ಯುವಕರು ಸುಮ್ಮನಾಗಬೇಕೆಂದು ನಾನು ಬಯಸುವುದಿಲ್ಲ. ತಿಳಿವಳಿಕೆಯಿಂದ ಸುಮ್ಮನಾಗಬೇಕು, ಇಲ್ಲವೆ ತಿಳಿವಳಿಕೆಯಿಂದ ಮುಂದುವರಿಯಬೇಕು. ಇಲ್ಲಿ ಅಧ್ಯಾಪಕರಾದ ನಮ್ಮ ಪಾಲಿನ ತಪ್ಪೂ ಇದೆ. ನಾವು ತರಗತಿಯಲ್ಲಿ ತೋರಿಸುವ ಸ್ಪ್ರಿಂಗಿಗೆ ತೂಕವಿಲ್ಲ, ಅದಕ್ಕೆ ಕೊನೆಯೆಂಬುದಿಲ್ಲ. ಅದು ಎಷ್ಟು ಬೇಕಾದರೂ ಕುಗ್ಗುತ್ತದೆ, ಹಿಗ್ಗುತ್ತದೆ. ಅದರ ಪಕ್ಕದಲ್ಲಿ ಬಾಹುವಿಲ್ಲ, ಷಾಕ್ ಅಬ್ಸಾರ್ಬರಿಲ್ಲ, ಬಂಪ್ ಸ್ಟಾಪ್ ಇಲ್ಲ. ಒಂದು ಪರಿಮಾಣವನ್ನು ಬದಲಾಯಿಸಿ "ಉಳಿದವೆಲ್ಲ ಸ್ಥಿರವಾಗಿರಲಿ" ಎನ್ನುತ್ತೇವೆ. ಕಲಿಕೆಯ ಮೊದಲ ಮೆಟ್ಟಿಲಿಗೆ ಇದು ಅವಶ್ಯಕವೇ. ಆದರೆ ಪ್ರಪಂಚದಲ್ಲಿ ಉಳಿದವು ಸ್ಥಿರವಾಗಿರುವುದಿಲ್ಲವೆಂಬ ಎರಡನೆಯ ಪಾಠವನ್ನು ನಾವು ಹೇಳದೆಯೇ ಗಂಟೆ ಬಾರಿಸಿಬಿಡುತ್ತದೆ. ಆ ಕೆಂಪು ಕಾರಿನ ಚಿತ್ರವು ನನ್ನ ಪಾಠದಲ್ಲಿದ್ದ ಈ ಕೊರತೆಯನ್ನು ನನಗೇ ತೋರಿಸಿತು.

ಮರುವಾರ ನಾನು ಆ ವಿದ್ಯಾರ್ಥಿಯನ್ನು ಕರೆದು, ನನ್ನ ಉತ್ತರವನ್ನು ಹಿಂತೆಗೆದುಕೊಂಡಿದ್ದೇನೆಂದು ಹೇಳಿ, ಅವನ ಕೈಗೆ ನಾಲ್ಕು ಪ್ರಶ್ನೆಗಳನ್ನು ಕೊಟ್ಟೆನು. ಸ್ಪ್ರಿಂಗನ್ನು ಬದಲಾಯಿಸಲು ಹೊರಟವರೆಲ್ಲರೂ ಇವನ್ನು ಕೇಳಿಕೊಳ್ಳಲಿ: ಚಕ್ರಕ್ಕೂ ಬಂಪ್ ಸ್ಟಾಪಿಗೂ ನಡುವೆ ಎಷ್ಟು ಎಡೆ ಉಳಿಯುತ್ತದೆ? ಕೆಳಗಿನ ಬಾಹು ಯಾವ ಕಡೆಗೆ ಇಳಿಜಾರಾಗುತ್ತದೆ? ಷಾಕ್ ಅಬ್ಸಾರ್ಬರು ಹೊಸ ಬಿಗಿತಕ್ಕೆ ತಕ್ಕುದೇ? ನಾನು ದಿನವೂ ಓಡಾಡುವ ದಾರಿಯ ಅತಿ ಕೆಟ್ಟ ಉಬ್ಬು ಎಷ್ಟು ಎತ್ತರವಿದೆ? ಈ ನಾಲ್ಕಕ್ಕೂ ಸಂಖ್ಯೆಗಳಲ್ಲಿ ಉತ್ತರ ಕೊಡಬಲ್ಲವನು ಕಾರನ್ನು ತಗ್ಗಿಸುವ ಮಾತನಾಡಲಿ, ನನ್ನದೇನೂ ಅಡ್ಡಿಯಿಲ್ಲ.

ಎರಡು ದಿನಗಳ ಮೇಲೆ ಅವನು ಅಳತೆಪಟ್ಟಿಯೊಡನೆ ತನ್ನ ಬೀದಿಯ ಉಬ್ಬನ್ನು ಅಳೆದುಕೊಂಡು ಬಂದಿದ್ದನು. "ಹದಿನಾಲ್ಕು ಸೆಂಟಿಮೀಟರು, ಸಾರ್" ಎಂದು ನಕ್ಕನು. ಆ ಕೆಂಪು ಕಾರಿನ ಚಿತ್ರ ಅವನ ಫೋನಿನಲ್ಲಿ ಈಗಲೂ ಇದೆ. ಇರಲಿ, ಚಿತ್ರವು ಚೆಲುವಾಗಿಯೇ ಇದೆ. ಆದರೆ ಅದರ ಪಕ್ಕದಲ್ಲಿ ಈಗ ಒಂದು ಲೆಕ್ಕವೂ ಇದೆ. ನಮ್ಮ ಪಾಠದಿಂದ ಇದಕ್ಕಿಂತ ಹೆಚ್ಚಿನ ಫಲವನ್ನು ನಾವು ಬಯಸಬೇಕಾದ್ದಿಲ್ಲ.